ಕೇಬಲ್ಲಿಗೆ ಬುದ್ಧಿ ಬಂದರೆ ಚಿತ್ರಕ್ಕೆ ಕಳೆ ಬರುತ್ತದೆಯೇ?

ಎಚ್‌ಡಿಎಂಐ ಕೇಬಲ್ ಕೊಳ್ಳಲು ಹೊರಟವರಿಗೆ ತಿಳಿದವರು ಕೊಡುವ ಸಲಹೆ ಬಹುತೇಕ ಒಂದೇ: ಬೇಕಾದ ವೇಗ ತಾಳಿಕೊಳ್ಳುವ ಕೇಬಲ್‌ಗಳಲ್ಲಿ ಅಗ್ಗದ್ದನ್ನು ತನ್ನಿ, ಚಿನ್ನದ ಲೇಪನಕ್ಕೂ ಹೆಣೆದ ಹೊದಿಕೆಗೂ ದುಡ್ಡು ಸುರಿಯಬೇಡಿ. ಈ ಸಲಹೆಯ ಹಿಂದೆ ಗಟ್ಟಿ ಕಾರಣವಿದೆ. 1080ಪಿ ಚಿತ್ರ ಸೆಕೆಂಡಿಗೆ 60 ಸಲ ಟಿವಿಗೆ ಹೋಗಬೇಕಾದರೆ ಕೇಬಲ್ಲಿನ ಒಳಗೆ ಸೆಕೆಂಡಿಗೆ ಸುಮಾರು 445 ಕೋಟಿ ಬಿಟ್‌ಗಳು ಓಡುತ್ತವೆ. ಅವು ಸರಿಯಾಗಿ ತಲುಪಿದರೆ ಕನ್ಸೋಲ್ ಕಳಿಸಿದ ಚಿತ್ರ ಕಳಿಸಿದ ಹಾಗೆಯೇ ಮೂಡುತ್ತದೆ. ತಲುಪದಿದ್ದರೆ ಪರದೆಯ ಮೇಲೆ ಮಿಣುಕುವ ಚುಕ್ಕೆಗಳು ಏಳುತ್ತವೆ, ಇಲ್ಲವೇ ಪರದೆಯೇ ಕ್ಷಣಕಾಲ ಕಪ್ಪಾಗುತ್ತದೆ. ಬಣ್ಣ ತುಸು ಮಂಕಾಯಿತು, ಅಂಚು ತುಸು ಮಸುಕಾಯಿತು ಎಂಬ ನಡುವಿನ ಸ್ಥಿತಿ ಇಲ್ಲಿಲ್ಲ. ಹಾಗಾಗಿ ಕೆಲಸ ಮಾಡುವ ಎರಡು ಕೇಬಲ್‌ಗಳ ಚಿತ್ರದಲ್ಲಿ ಅಂತರ ಹುಡುಕುವುದು ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ.

2017ರಲ್ಲಿ ಈ ಮಾತಿಗೆ ಒಂದು ಅಪವಾದ ಹುಟ್ಟಿತು. ಕ್ಯಾಲಿಫೋರ್ನಿಯಾದ ಮಾರ್ಸೆಲ್ ಎಂಬ ಕಂಪನಿ 'ಎಮ್‌ಕೇಬಲ್ ಗೇಮಿಂಗ್ ಎಡಿಷನ್' ಹೆಸರಿನ ಎಚ್‌ಡಿಎಂಐ ಕೇಬಲ್ ಮಾರತೊಡಗಿತು. ಬೆಲೆ ನೂರು ಡಾಲರಿಗೂ ಮೇಲೆ. ಈ ಕೇಬಲ್ಲಿಗೆ ದಿಕ್ಕಿದೆ: ಒಂದು ತುದಿ ಕನ್ಸೋಲಿಗೇ ಹೋಗಬೇಕು, ಇನ್ನೊಂದು ಟಿವಿಗೇ. ಒಳಗೆ ಚಿತ್ರವನ್ನು ಸಂಸ್ಕರಿಸುವ ಚಿಪ್ ಇರುವುದರಿಂದ ಯುಎಸ್‌ಬಿ ಮೂಲಕ ವಿದ್ಯುತ್ತನ್ನೂ ಕೊಡಬೇಕು. ಎರಡು ವರ್ಷಗಳ ನಂತರ ಅದೇ ಕಂಪನಿ ಅದೇ ಬಗೆಯ ಚಿಪ್ಪನ್ನು ಬೆರಳುದ್ದದ ಡಬ್ಬಿಯಲ್ಲಿಟ್ಟು 'ಎಮ್‌ಕ್ಲಾಸಿಕ್' ಎಂದು ತಂದಿತು; ಅದನ್ನು ಯಾವುದೇ ಮಾಮೂಲಿ ಕೇಬಲ್ಲಿನ ತುದಿಗೆ ಸಿಕ್ಕಿಸಬಹುದು. ಎರಡರ ಆಶ್ವಾಸನೆಯೂ ಒಂದೇ: ಆಟದ ಚಿತ್ರದಲ್ಲಿ ಅಂಚುಗಳು ನುಣುಪಾಗುತ್ತವೆ, ಚಿಕ್ಕ ಚಿತ್ರ ದೊಡ್ಡ ಪರದೆಗೆ ಅಚ್ಚುಕಟ್ಟಾಗಿ ಹಿಗ್ಗುತ್ತದೆ, ಲ್ಯಾಗ್ ಮಾತ್ರ ಆಗುವುದಿಲ್ಲ.

ಕೇಬಲ್ ಮೋಸಗಳನ್ನು ಕಂಡು ರೋಸಿಹೋಗಿದ್ದವರು ಇದನ್ನೂ ಅದೇ ಜಾತಿಗೆ ಸೇರಿಸಿ ನಕ್ಕರು. ಹಾಕಿ ನೋಡಿದ ಕೆಲವರು ಫರಕು ಕಣ್ಣಿಗೆ ಕಾಣುತ್ತದೆ ಎಂದರು. ಇಬ್ಬರ ಮಾತೂ ಅರ್ಧ ಸರಿ. ಚಿಪ್ ಕೆಲಸ ಮಾಡುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ಆಟ ಹುಟ್ಟುವ ಜಾಗದಿಂದ ಪರದೆಯವರೆಗಿನ ದಾರಿಯಲ್ಲಿ, ಆಟದ ಬಗ್ಗೆ ಏನೂ ಗೊತ್ತಿರದ ಜಾಗದಲ್ಲಿ ಅದು ಕುಳಿತಿದೆ. ಅದರ ಉಪಯೋಗ ಮತ್ತು ಮಿತಿ ಎರಡೂ ಈ ಜಾಗದಿಂದಲೇ ತೀರ್ಮಾನವಾಗುತ್ತವೆ. ಇನ್ನು ಬೇರೆಲ್ಲೂ ತಿದ್ದಲಾಗದ ಹಳೆಯ ಕನ್ಸೋಲಿಗೆ ಅದು ಉಪಕಾರಿ, ಹೊಸದಕ್ಕೆ ದಂಡ. ಇದು ನನ್ನ ವಾದ.

ಮೊದಲು ಕಾಯಿಲೆ ಯಾವುದೆಂದು ನೋಡೋಣ. ಆಟದ ಜಗತ್ತು ಕನ್ಸೋಲಿನ ಒಳಗೆ ತ್ರಿಕೋನಗಳ ರೂಪದಲ್ಲಿ, ನಿಖರವಾದ ಗಣಿತವಾಗಿ ಇರುತ್ತದೆ. ಅದನ್ನು ಪರದೆಗೆ ಇಳಿಸುವಾಗ ಪ್ರತಿ ಪಿಕ್ಸೆಲ್ಲಿನ ನಡುಬಿಂದುವಿನಲ್ಲಿ ಒಂದೇ ಪ್ರಶ್ನೆ ಕೇಳಲಾಗುತ್ತದೆ: ಇಲ್ಲಿ ಏನಿದೆ? ಉತ್ತರವಾಗಿ ಬಂದ ಬಣ್ಣವನ್ನು ಇಡೀ ಪಿಕ್ಸೆಲ್ಲಿಗೆ ಬಳಿಯಲಾಗುತ್ತದೆ. ಓರೆಯಾದ ಅಂಚು ಪಿಕ್ಸೆಲ್ಲಿನ ನಡುವೆ ಹಾದುಹೋಗಿದ್ದರೂ 'ಅರ್ಧ ಅದು, ಅರ್ಧ ಇದು' ಎನ್ನುವ ಅವಕಾಶ ಇಲ್ಲದ್ದರಿಂದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಮೂಡುತ್ತದೆ. ಏಲಿಯಾಸಿಂಗ್ ಎಂದು ಕರೆಯುವುದು ಇದನ್ನೇ. ಪಿಕ್ಸೆಲ್ ಕಡಿಮೆಯಾದಷ್ಟೂ ಮೆಟ್ಟಿಲು ದೊಡ್ಡದು. 720ಪಿ ಚಿತ್ರದಲ್ಲಿ 9,21,600 ಪಿಕ್ಸೆಲ್‌ಗಳಿದ್ದರೆ 4ಕೆ ಟಿವಿಯಲ್ಲಿ 82,94,400 ಇರುತ್ತವೆ. ಅಂದರೆ ಪ್ಲೇಸ್ಟೇಷನ್ 3 ಕಾಲದ ಆಟವೊಂದರ ಒಂದೊಂದು ಪಿಕ್ಸೆಲ್ಲೂ ಇಂದಿನ ಟಿವಿಯ ಒಂಬತ್ತು ಪಿಕ್ಸೆಲ್‌ಗಳ ಮೇಲೆ ಹಿಗ್ಗಿ ಕೂರಬೇಕು. ಅಂದಿನ 32 ಇಂಚಿನ ಟಿವಿಯಲ್ಲಿ ಗಮನಕ್ಕೆ ಬರದ ಗರಗಸದ ಹಲ್ಲುಗಳು 55 ಇಂಚಿನ ಪರದೆಯ ಮೇಲೆ ಎದ್ದು ಕಾಣುವುದು ಇದಕ್ಕೇ.

ಚಿಪ್ ಮಾಡುವ ಕೆಲಸ ಹೊಸ ಜಾದೂವೇನಲ್ಲ. ಬರುವ ಚಿತ್ರದಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳ ಬಣ್ಣ ಥಟ್ಟನೆ ಬದಲಾಗುವ ಕಡೆ ಹುಡುಕಿ, ಅಲ್ಲಿ ಮೆಟ್ಟಿಲಿನ ಆಕಾರ ಇದೆಯೇ ಎಂದು ನೋಡಿ, ಇದ್ದರೆ ನಡುವಿನ ಬಣ್ಣ ತುಂಬಿ ಓರೆಗೆರೆಯನ್ನಾಗಿ ತಿದ್ದುವ ಬಗೆ ಗ್ರಾಫಿಕ್ಸ್ ಜಗತ್ತಿಗೆ ಚಿರಪರಿಚಿತ. ಇಂಟೆಲ್‌ನ ಅಲೆಕ್ಸಾಂಡರ್ ರೆಶೆಟೋವ್ 2009ರಲ್ಲಿ 'ಮಾರ್ಫೊಲಾಜಿಕಲ್ ಆ್ಯಂಟಿ-ಏಲಿಯಾಸಿಂಗ್' ಎಂಬ ಹೆಸರಿನಲ್ಲಿ ಇದನ್ನು ಪ್ರಕಟಿಸಿದರು. 2010ರಲ್ಲಿ ಬಂದ 'ಗಾಡ್ ಆಫ್ ವಾರ್ 3' ಅದೇ ತಂತ್ರವನ್ನು ಪ್ಲೇಸ್ಟೇಷನ್ 3ರ ಪ್ರೊಸೆಸರಿನಲ್ಲೇ ಓಡಿಸಿತು. ಎನ್ವಿಡಿಯಾದ ಟಿಮೊಥಿ ಲಾಟ್ಸ್ ರೂಪಿಸಿದ ಎಫ್‌ಎಕ್ಸ್‌ಎಎ ಇದಕ್ಕಿಂತ ಹಗುರವಾದ್ದರಿಂದ ಮುಂದಿನ ವರ್ಷಗಳಲ್ಲಿ ಅಸಂಖ್ಯ ಆಟಗಳಿಗೆ ಹರಡಿತು. ಕೇಬಲ್ ಮಾಡಿದ್ದು ಈ ಜಾತಿಯ ಕೆಲಸವನ್ನು ಕನ್ಸೋಲಿನ ಹೊರಗೆ ತಂದದ್ದು.

ಲ್ಯಾಗ್ ಆಗುವುದಿಲ್ಲವೆಂಬ ಆಶ್ವಾಸನೆಯನ್ನೂ ಲೆಕ್ಕ ಹಾಕಿ ನೋಡಬಹುದು. 1080ಪಿ ಸಂಕೇತದಲ್ಲಿ ಕಣ್ಣಿಗೆ ಕಾಣುವ 1080 ಸಾಲುಗಳ ಜೊತೆ ಕಾಣದ ಸಾಲುಗಳೂ ಸೇರಿ ಪ್ರತಿ ಫ್ರೇಮಿಗೆ 1125 ಸಾಲುಗಳಿರುತ್ತವೆ. ಸೆಕೆಂಡಿಗೆ 60 ಫ್ರೇಮ್ ಎಂದರೆ 67,500 ಸಾಲುಗಳು. ಒಂದು ಸಾಲಿಗೆ ಸುಮಾರು 15 ಮೈಕ್ರೊಸೆಕೆಂಡ್. ಚಿಪ್ ಹತ್ತು ಸಾಲು ಬರುವ ತನಕ ಕಾದು ಕೆಲಸ ಶುರುಮಾಡಿದರೂ ತಡವಾಗುವುದು ಮಿಲಿಸೆಕೆಂಡಿನ ಏಳನೇ ಒಂದು ಭಾಗದಷ್ಟು. ಗುಂಡಿ ಒತ್ತಿದ ಬೆರಳಿಗೆ ಇದು ಗೊತ್ತೇ ಆಗದು. ಟಿವಿಯ ಒಳಗಿನ ಸಂಸ್ಕರಣೆಯ ಕಥೆ ಬೇರೆ. ಅದು ಇಡೀ ಫ್ರೇಮುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಹತ್ತಾರು ಮಿಲಿಸೆಕೆಂಡ್ ನುಂಗುತ್ತದೆ. ಅದಕ್ಕಾಗಿಯೇ ಆಟಗಾರರು ಟಿವಿಯಲ್ಲಿ 'ಗೇಮ್ ಮೋಡ್' ಹಾಕಿ ಆ ಸಂಸ್ಕರಣೆಯ ಬಹುಭಾಗವನ್ನು ಆರಿಸುತ್ತಾರೆ. ಹೀಗೆ ತೆರವಾದ ಜಾಗದಲ್ಲಿ ಕೇಬಲ್ ಬಂದು ಕೂರುತ್ತದೆ. ಅದರ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದೇ: ಟಿವಿ ತಡವಾಗಿ ಮಾಡುವ ಕೆಲಸದ ಒಂದು ಪಾಲನ್ನು ಇದು ತಡವಿಲ್ಲದೆ ಮಾಡುತ್ತದೆ.

ಆದರೆ ಬೇಗ ಕಳಿಸಬೇಕೆಂಬ ಈ ಆತುರವೇ ಅದರ ಕೈಯನ್ನೂ ಕಟ್ಟುತ್ತದೆ. ಕೆಲವೇ ಸಾಲುಗಳ ಕಿರಿದಾದ ಪಟ್ಟಿಯಲ್ಲಿ ಕಂಡದ್ದಷ್ಟೇ ಅದಕ್ಕೆ ಆಧಾರ. ಹಸ್ತಪ್ರತಿ ನೋಡದೆ ಕರಡು ತಿದ್ದಲು ಕೂತವನ ಹಾಗೆ ಅದರ ಪಾಡು: ಕಣ್ಣಿಗೆ ಬಿದ್ದ ಕಾಗುಣಿತದ ತಪ್ಪನ್ನು ತಿದ್ದಬಲ್ಲ, ಅಚ್ಚಿನಲ್ಲಿ ಬಿಟ್ಟುಹೋದ ಸಾಲನ್ನು ಮರಳಿ ತರಲಾರ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 720ಪಿಯಲ್ಲಿ ಓಡುವ ಆಟವೊಂದರಲ್ಲಿ ಎರಡು ಕಂಬಗಳ ನಡುವೆ ಕರೆಂಟಿನ ತಂತಿ ತುಸು ಜೋತುಬಿದ್ದಿದೆ ಎನ್ನಿ, ಹಿಂದೆ ತಿಳಿ ಆಕಾಶ. ದೂರದಿಂದ ನೋಡುವಾಗ ತಂತಿಯ ದಪ್ಪ ಒಂದು ಪಿಕ್ಸೆಲ್ಲಿಗಿಂತ ಕಡಿಮೆ. ಕೆಲವು ಪಿಕ್ಸೆಲ್‌ಗಳ ನಡುಬಿಂದುವಿಗೆ ಅದು ತಾಗುತ್ತದೆ, ಕೆಲವಕ್ಕೆ ತಾಗುವುದಿಲ್ಲ. ಹಾಗಾಗಿ ಕನ್ಸೋಲ್ ಬರೆಯುವ ಚಿತ್ರದಲ್ಲಿ ತಂತಿ ಕಡಿದು ಕಡಿದು, ಅಲ್ಲೊಂದು ಇಲ್ಲೊಂದು ಕಪ್ಪು ಗೀಟಾಗಿ ಉಳಿಯುತ್ತದೆ. ಕ್ಯಾಮೆರಾ ಕೊಂಚ ಸರಿದರೆ ಗೀಟುಗಳ ಜಾಗ ಬದಲಾಗಿ ತಂತಿ ತೆವಳುವಂತೆ ಕಾಣುತ್ತದೆ. ಈ ಚಿತ್ರ ಕೇಬಲ್ಲಿನ ಚಿಪ್ಪಿಗೆ ಬಂದಾಗ ಅದಕ್ಕೆ ಕಾಣುವುದು ಆಕಾಶದಲ್ಲಿ ಬಿಡಿಬಿಡಿಯಾಗಿ ಬಿದ್ದ ಗೀಟುಗಳು. ಅವುಗಳ ತುದಿಯನ್ನು ನುಣುಪು ಮಾಡೀತು. ನಡುವೆ ತಂತಿ ಇತ್ತೆಂದು ಅದಕ್ಕೆ ಹೇಳುವವರು ಯಾರು? ಬಂಡೆಯ ಅಂಚು, ಕಾರಿನ ಚಾವಣಿ, ಮನೆಯ ಸೂರು ಇವೆಲ್ಲ ಚೆನ್ನಾಗಿ ತಿದ್ದಿಕೊಂಡು ಬಂದರೂ ತಂತಿ, ಬೇಲಿ, ಎಲೆ, ಹುಲ್ಲುಗಳು ಮಿಣುಕುತ್ತಲೇ ಇರುವುದಕ್ಕೆ ಕಾರಣ ಇದು.

ಇನ್ನೊಂದು ತೊಡಕು ಅಕ್ಷರಗಳದ್ದು. ಆಟದ ಒಳಗೇ ಆ್ಯಂಟಿ-ಏಲಿಯಾಸಿಂಗ್ ಮಾಡುವಾಗ ಒಂದು ಕ್ರಮವಿದೆ: ಮೊದಲು ದೃಶ್ಯ ಬರೆಯುವುದು, ಆಮೇಲೆ ಅಂಚು ತಿದ್ದುವುದು, ಕೊನೆಗೆ ಅದರ ಮೇಲೆ ಸ್ಕೋರು, ನಕ್ಷೆ, ಮಾತಿನ ಸಾಲು, ಗುಂಡುಗಳ ಲೆಕ್ಕ ಇವನ್ನೆಲ್ಲ ಕೂರಿಸುವುದು. ಹೀಗಾಗಿ ಅಕ್ಷರಗಳಿಗೆ ತಿದ್ದುಪಡಿ ತಾಗುವುದೇ ಇಲ್ಲ. ಕೇಬಲ್ಲಿಗೆ ಬರುವ ಹೊತ್ತಿಗೆ ಎಲ್ಲವೂ ಒಂದೇ ಹಾಳೆಯಾಗಿರುತ್ತದೆ. ಅಕ್ಷರದ ಓರೆಗೆರೆ ಯಾವುದು, ಕೋಟೆಯ ಗೋಡೆ ಯಾವುದು ಎಂಬ ಭೇದ ಅದಕ್ಕಿಲ್ಲ. ಚಿಪ್ ಸೌಮ್ಯವಾಗಿ ಕೆಲಸ ಮಾಡಿದರೆ ಅಕ್ಷರ ಉಳಿಯುತ್ತದೆ, ಅಂಚು ಅಷ್ಟಾಗಿ ಸುಧಾರಿಸುವುದಿಲ್ಲ. ಬಿರುಸಾಗಿ ಮಾಡಿದರೆ ಅಂಚು ನುಣುಪಾಗುತ್ತದೆ, ಸಣ್ಣ ಅಕ್ಷರ ಮೆತ್ತಗಾಗುತ್ತದೆ. ಈ ಇಕ್ಕಟ್ಟಿನಲ್ಲಿ ಎಂಜಿನಿಯರುಗಳು ಸೌಮ್ಯತೆಯತ್ತ ವಾಲುವುದು ಸಹಜ. ಕೇಬಲ್ಲಿನ ಫಲ ಸಾಧಾರಣ ಎಂದು ಹಲವರಿಗೆ ಅನಿಸುವುದೂ ಸಹಜ.

ಇದೇ ಕೆಲಸವನ್ನು ಕನ್ಸೋಲಿನ ಒಳಗೆ ಮಾಡಿದರೆ ಎಷ್ಟು ಮಾಹಿತಿ ಕೈಗೆ ಸಿಗುತ್ತದೆ ನೋಡಿ. ಪ್ರತಿ ಪಿಕ್ಸೆಲ್ ಎಷ್ಟು ದೂರದ್ದು ಎಂದು ಗೊತ್ತು. ಹಿಂದಿನ ಫ್ರೇಮಿನಲ್ಲಿ ಅದು ಎಲ್ಲಿತ್ತು, ಈಗ ಎಲ್ಲಿಗೆ ಸರಿದಿದೆ ಎಂದು ಗೊತ್ತು. ಅಷ್ಟೇ ಅಲ್ಲ, ಪ್ರತಿ ಫ್ರೇಮಿನಲ್ಲೂ ಪ್ರಶ್ನೆ ಕೇಳುವ ಬಿಂದುವನ್ನು ಪಿಕ್ಸೆಲ್ಲಿನ ಒಳಗೇ ಕೊಂಚ ಅತ್ತಿತ್ತ ಸರಿಸಿ, ಹಲವು ಫ್ರೇಮುಗಳ ಉತ್ತರಗಳನ್ನು ಕೂಡಿಸಬಹುದು. ಒಂದು ಫ್ರೇಮಿನಲ್ಲಿ ತಪ್ಪಿಸಿಕೊಂಡ ತಂತಿ ಮುಂದಿನ ಫ್ರೇಮಿನಲ್ಲಿ ಸಿಕ್ಕಿಬೀಳುತ್ತದೆ, ನಾಲ್ಕಾರು ಫ್ರೇಮುಗಳಲ್ಲಿ ಇಡೀ ತಂತಿ ಕೂಡಿಕೊಳ್ಳುತ್ತದೆ. ಎನ್ವಿಡಿಯಾ 2020ರಲ್ಲಿ ತಂದ ಡಿಎಲ್‌ಎಸ್‌ಎಸ್‌ನ ಎರಡನೇ ಆವೃತ್ತಿ, ಎಎಂಡಿ 2022ರಲ್ಲಿ ಹೊರತಂದ ಎಫ್‌ಎಸ್‌ಆರ್ 2, ಸೋನಿ 2024ರ ಪ್ಲೇಸ್ಟೇಷನ್ 5 ಪ್ರೊದಲ್ಲಿ ಅಳವಡಿಸಿದ ಪಿಎಸ್‌ಎಸ್‌ಆರ್ ಇವೆಲ್ಲ ನಿಂತಿರುವುದು ಈ ತಳಹದಿಯ ಮೇಲೆ. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಕೂಡ ಡಿಎಲ್‌ಎಸ್‌ಎಸ್ ಬಳಸಬಲ್ಲದು. ಈ ವಿಧಾನಗಳು ಇಲ್ಲದ ವಿವರವನ್ನು ಸೃಷ್ಟಿಸುತ್ತವೆ ಎಂದು ಕೆಲವರು ಭಾವಿಸುತ್ತಾರೆ. ನಿಜದಲ್ಲಿ ಅವುಗಳ ಬಲದ ಬಹುಪಾಲು ಬರುವುದು ಹಲವು ಫ್ರೇಮುಗಳಲ್ಲಿ ಚದುರಿದ ನಿಜವಾದ ವಿವರವನ್ನು ಒಟ್ಟುಮಾಡುವುದರಿಂದ. ಕೇಬಲ್ಲಿನ ಚಿಪ್ ಎಷ್ಟೇ ಚುರುಕಾಗಿರಲಿ, ವಸ್ತುಗಳ ಚಲನೆಯ ಲೆಕ್ಕ ಎಚ್‌ಡಿಎಂಐ ದಾರಿಯಲ್ಲಿ ಬರುವುದೇ ಇಲ್ಲ. ಚಿತ್ರ ಸಿದ್ಧವಾದ ಕೂಡಲೇ ಕನ್ಸೋಲ್ ಆ ಲೆಕ್ಕವನ್ನು ಎಸೆದುಬಿಟ್ಟಿರುತ್ತದೆ.

ಹಾಗಾದರೆ ಹೊಸ ಕನ್ಸೋಲಿಗೆ ಇಂಥ ಕೇಬಲ್ ಹಾಕಿದರೆ ಏನಾದೀತು? ಆಗಲೇ ನುಣುಪಾದ ಅಂಚಿನ ಮೇಲೆ ಅದಕ್ಕೆ ಹೆಚ್ಚಿನ ಕೆಲಸವಿಲ್ಲ. ಕಳೆದುಕೊಳ್ಳುವುದು ಮಾತ್ರ ಇದೆ. ನಡುವೆ ಕುಳಿತ ಚಿಪ್ ಯಾವ ಸೌಲಭ್ಯವನ್ನು ಒಪ್ಪುವುದಿಲ್ಲವೋ ಅದು ಟಿವಿಗೂ ಸಿಗುವುದಿಲ್ಲ. 4ಕೆ ಚಿತ್ರವನ್ನು ಸೆಕೆಂಡಿಗೆ 120 ಸಲ ಕಳಿಸುವುದು, ಫ್ರೇಮಿನ ವೇಗಕ್ಕೆ ತಕ್ಕಂತೆ ಟಿವಿ ಹೆಜ್ಜೆ ಹಾಕುವುದು ಇವೆಲ್ಲ ಬಂದದ್ದು 2017ರ ನವೆಂಬರಿನಲ್ಲಿ ಪ್ರಕಟವಾದ ಎಚ್‌ಡಿಎಂಐ 2.1ರೊಂದಿಗೆ. ಅದಕ್ಕಿಂತ ಹಿಂದಿನ ಕಾಲದ ಚಿಪ್ಪನ್ನು ದಾರಿಯಲ್ಲಿ ಕೂರಿಸುವುದೆಂದರೆ 2020ರ ಕನ್ಸೋಲ್ ಕೊಂಡು ಅದನ್ನು ಹಿಂದಕ್ಕೆ ಎಳೆದಂತೆಯೇ. ಡಬ್ಬಿಯ ಮೇಲಿನ '4ಕೆ' ಎಂಬ ಅಕ್ಷರವನ್ನೂ ಬಿಡಿಸಿ ಓದಬೇಕು. ಎಮ್‌ಕ್ಲಾಸಿಕ್ 4ಕೆ ಕೊಡುವುದು ಸೆಕೆಂಡಿಗೆ 30 ಫ್ರೇಮಿನ ಸಂಕೇತಕ್ಕೆ. 60 ಫ್ರೇಮಿಗೆ ಅದರ ಗರಿಷ್ಠ ಮಿತಿ 1440ಪಿ. ಕನ್ಸೋಲ್‌ಗಳು ಆಟ ಎಷ್ಟೇ ನಿಧಾನವಾಗಿದ್ದರೂ ಸಾಮಾನ್ಯವಾಗಿ ಟಿವಿಗೆ 60 ಫ್ರೇಮಿನ ಸಂಕೇತವನ್ನೇ ಕಳಿಸುವುದರಿಂದ ಆಟದ ಹೊತ್ತಿನಲ್ಲಿ ಆ 4ಕೆ ಬಹುಪಾಲು ಡಬ್ಬಿಯ ಮೇಲೆಯೇ ಉಳಿಯುತ್ತದೆ.

ಹಳೆಯ ಕನ್ಸೋಲಿನ ಲೆಕ್ಕವೇ ಬೇರೆ. ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3, ವೀ ಯು, ಮೊದಲ ಸ್ವಿಚ್ ಇವುಗಳ ಎಷ್ಟೋ ಆಟಗಳು 720ಪಿ ಆಸುಪಾಸಿನಲ್ಲಿ, ಅಂಚು ತಿದ್ದುವ ಪುರುಸೊತ್ತಿಲ್ಲದೆ ಓಡುತ್ತವೆ. ನಿಂಟೆಂಡೊ ತನ್ನದೇ ಹೆಸರಾಂತ ಕೆಲವು ಆಟಗಳಲ್ಲೂ ಆ್ಯಂಟಿ-ಏಲಿಯಾಸಿಂಗ್ ಬಿಟ್ಟು ಆ ಶಕ್ತಿಯನ್ನು ಫ್ರೇಮಿನ ವೇಗಕ್ಕೆ ಸುರಿದಿದೆ. ಆ ಆಟಗಳನ್ನು ಮತ್ತೆ ಯಾರೂ ತಿದ್ದುವುದಿಲ್ಲ. ಅವುಗಳಿಗೆ ಗಾಢವಾದ, ಸ್ಪಷ್ಟವಾದ ಬಣ್ಣದ ತುಂಡುಗಳಿರುವ ಕಾರ್ಟೂನು ಶೈಲಿ ಇದ್ದರಂತೂ ಚಿಪ್ಪಿಗೆ ಹಬ್ಬ: ಮೆಟ್ಟಿಲು ಸ್ಪಷ್ಟವಾಗಿ ಕಾಣುತ್ತದೆ, ತಿದ್ದುವುದು ಸುಲಭ. ಟಿವಿಯ ಸ್ವಂತ ಹಿಗ್ಗಿಸುವ ಸರ್ಕ್ಯೂಟ್ ಕಳಪೆಯಾಗಿದ್ದರೆ ಲಾಭ ಇನ್ನೂ ಹೆಚ್ಚು. 4ಕೆ ಪರದೆಯ ಮೇಲೆ 720ಪಿ ಚಿತ್ರವನ್ನು ಯಾರಾದರೊಬ್ಬರು ಹಿಗ್ಗಿಸಲೇಬೇಕು; ಆ ಕೆಲಸದ ಒಂದು ಪಾಲನ್ನು ಟಿವಿಗೆ ಬಿಡುವ ಬದಲು ಕೇಬಲ್ ವಹಿಸಿಕೊಳ್ಳುತ್ತದೆ. ಇಲ್ಲಿ ನಾವು ಆಯ್ಕೆ ಮಾಡುತ್ತಿರುವುದು ಎರಡು ಹಿಗ್ಗಿಸುವ ವಿಧಾನಗಳ ನಡುವೆ. ಒಳ್ಳೆಯ ಟಿವಿ ಇದ್ದವರಿಗೆ ಫರಕು ಕಡಿಮೆ ಕಾಣುವುದು ಇದರಿಂದಲೇ.

'ಉತ್ತಮ' ಎನ್ನುವ ಮಾತನ್ನೂ ಪರೀಕ್ಷಿಸದೆ ಬಿಡುವಂತಿಲ್ಲ. ಕೇಬಲ್ ಚಿತ್ರವನ್ನು ಬದಲಿಸುವುದು ಆಟದ ಚರಿತ್ರೆಯಲ್ಲಿ ಹೊಸತಲ್ಲ. ಹಳದಿ ಪಿನ್ನಿನ ಕಾಂಪೊಸಿಟ್ ಕೇಬಲ್ ಹೊಳಪನ್ನೂ ಬಣ್ಣವನ್ನೂ ಒಂದೇ ತಂತಿಯಲ್ಲಿ ತುರುಕಿ, ಅಕ್ಕಪಕ್ಕದ ಚುಕ್ಕೆಗಳನ್ನು ಒಂದಕ್ಕೊಂದು ಕಲಸಿಬಿಡುತ್ತಿತ್ತು. ಕಲಾವಿದರು ಈ ದೋಷವನ್ನೇ ಬಣ್ಣದ ಕುಂಚವಾಗಿ ಬಳಸಿಕೊಂಡರು. ಸೆಗಾದ ಮೆಗಾ ಡ್ರೈವ್ ಕನ್ಸೋಲಿಗೆ ಪಾರದರ್ಶಕ ಬಣ್ಣ ಬರೆಯುವ ಶಕ್ತಿ ಇರಲಿಲ್ಲ. ಸಾಮಾನ್ಯವಾಗಿ ಒಮ್ಮೆಗೆ 64 ಬಣ್ಣಗಳನ್ನಷ್ಟೇ ಇಟ್ಟುಕೊಳ್ಳಬಲ್ಲದಾಗಿತ್ತು. 1991ರ 'ಸಾನಿಕ್ ದ ಹೆಜ್‌ಹಾಗ್' ಆಟದ ಜಲಪಾತವನ್ನು ಅದಕ್ಕಾಗಿ ಒಂದು ಬಿಟ್ಟು ಒಂದು ಲಂಬ ಗೆರೆಗಳಾಗಿ ಬರೆದರು. ಕಾಂಪೊಸಿಟ್ ಕೇಬಲ್ಲಿನಲ್ಲಿ ಗೆರೆಗಳು ಕರಗಿ ಹಿಂದಿನ ಬಂಡೆ ನೀರಿನ ಮೂಲಕ ಕಾಣುತ್ತಿತ್ತು. ಹೆಚ್ಚು ಶುದ್ಧವಾದ ಆರ್‌ಜಿಬಿ ಕೇಬಲ್ ಹಾಕಿದರೆ ನೀರು ಹೋಗಿ ಸರಳುಗಳ ಕಿಟಕಿ ಕಾಣುತ್ತದೆ. ತಾಂತ್ರಿಕವಾಗಿ ಉತ್ತಮವಾದ ಸಂಕೇತ ಕಲೆಯ ಲೆಕ್ಕದಲ್ಲಿ ಕೆಟ್ಟದ್ದಾಗಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಇದರ ತದ್ವಿರುದ್ಧ ಪ್ರಸಂಗವೂ ಇದೆ. 2018ರ 'ಸೆಲೆಸ್ಟ್'ನಂಥ ಆಟಗಳಲ್ಲಿ ಚೌಕ ಚೌಕದ ಪಿಕ್ಸೆಲ್ಲೇ ಕಲಾವಿದರ ಆಯ್ಕೆ. ಅದರ ಮೂಲೆಗಳನ್ನು ಸವರಿ ದುಂಡಗೆ ಮಾಡುವ ಚಿಪ್ ಆ ಚಿತ್ರಕ್ಕೆ ಮಾಡುವುದು ಅಪಚಾರ. ಯಾವ ಮೆಟ್ಟಿಲು ಬಡತನದಿಂದ ಬಂದದ್ದು, ಯಾವುದು ಬೇಕೆಂದೇ ಇಟ್ಟದ್ದು ಎಂದು ತಿಳಿಯಲು ಆಟದ ಉದ್ದೇಶ ಗೊತ್ತಿರಬೇಕು. ಅದು ಆಡುವವನಿಗೆ ಗೊತ್ತು, ಕೇಬಲ್ಲಿಗಲ್ಲ.

ಇಲ್ಲಿ ಎಮ್‌ಕ್ಲಾಸಿಕ್‌ನ ಒಂದು ಸಣ್ಣ ಗುಣವನ್ನು ಮೆಚ್ಚಬೇಕು. ಅದರ ಮೈಮೇಲೆ ಸ್ವಿಚ್ ಇದೆ. ಸಂಸ್ಕರಣೆಯನ್ನು ಆರಿಸಿ, ಹಾಕಿ, ಮತ್ತೆ ಆರಿಸಿ ನೋಡಬಹುದು. ಎಮ್‌ಕೇಬಲ್ಲಿನಲ್ಲಿ ಈ ಅನುಕೂಲವಿಲ್ಲದೆ, ಹೋಲಿಸಬೇಕಾದರೆ ಕೇಬಲ್ ಕಳಚಿ ಬೇರೊಂದನ್ನು ಚುಚ್ಚಬೇಕಿತ್ತು. ಅಷ್ಟರಲ್ಲಿ ಮೊದಲಿನ ಚಿತ್ರ ನೆನಪಿನಲ್ಲಿ ಮಸುಕಾಗಿರುತ್ತದೆ, ಹತ್ತು ಸಾವಿರ ರೂಪಾಯಿಯ ಆಸುಪಾಸು ತೆತ್ತ ಮನಸ್ಸು 'ಚೆನ್ನಾಗಿದೆ' ಎನ್ನಲು ತುದಿಗಾಲಲ್ಲಿ ನಿಂತಿರುತ್ತದೆ. ಮಾಮೂಲಿ ಕೇಬಲ್ಲನ್ನು ಚಿನ್ನದ ಹೆಸರಿನಲ್ಲಿ ಮಾರುವವರು ಬದುಕಿರುವುದೇ ಮನಸ್ಸಿನ ಈ ದೌರ್ಬಲ್ಯದ ಮೇಲೆ. ನಿಜವಾಗಿ ಕೆಲಸ ಮಾಡುವ ಉಪಕರಣಕ್ಕೆ ಪರೀಕ್ಷೆಯ ಭಯವಿಲ್ಲ.

ದುಡ್ಡು ತೆಗೆಯುವ ಮುನ್ನ ಬಿಟ್ಟಿಯಾಗಿ ಸಿಗುವ ಸುಧಾರಣೆಗಳನ್ನು ಮುಗಿಸಿಕೊಳ್ಳುವುದು ಜಾಣತನ. ಎಷ್ಟೋ ಟಿವಿಗಳು ಹಳೆಯ ಪ್ರಸಾರ ಕಾಲದ ಅಭ್ಯಾಸದಿಂದ ಚಿತ್ರದ ನಾಲ್ಕೂ ಅಂಚುಗಳನ್ನು ತುಸು ಕತ್ತರಿಸಿ ಉಳಿದದ್ದನ್ನು ಹಿಗ್ಗಿಸಿ ತೋರಿಸುತ್ತವೆ. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಇದರಿಂದ 1080ಪಿ ಟಿವಿಯ ಮೇಲೆ 1080ಪಿ ಚಿತ್ರವೂ ಅನಗತ್ಯವಾಗಿ ಮಸುಕಾಗುತ್ತದೆ. ಟಿವಿಯ ಪಿಕ್ಚರ್ ಸೈಜ್ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್' ಮುಂತಾದ ಹೆಸರಿನಲ್ಲಿ ಇದಕ್ಕೆ ಮದ್ದಿದೆ. ಶಾರ್ಪ್‌ನೆಸ್ ಏರಿಸಿಟ್ಟಿದ್ದರೆ ಅದು ಗರಗಸದ ಹಲ್ಲನ್ನೇ ಮಸೆದು ಇನ್ನಷ್ಟು ಎತ್ತಿ ತೋರಿಸುತ್ತದೆ. ಇಳಿಸಿದರೆ ಅರ್ಧ ಕಾಯಿಲೆ ಅಲ್ಲೇ ಗುಣ. ಕನ್ಸೋಲ್ ಬಣ್ಣಗಳನ್ನು 0ರಿಂದ 255ರವರೆಗಿನ ಅಳತೆಯಲ್ಲಿ ಕಳಿಸುತ್ತಿದ್ದು ಟಿವಿ ಅದನ್ನು 16ರಿಂದ 235ರ ಅಳತೆಯೆಂದು ಓದಿದರೆ ನೆರಳಿನ ವಿವರವೆಲ್ಲ ಕಪ್ಪಿನಲ್ಲಿ ಮುಳುಗುತ್ತದೆ, ಉಲ್ಟಾ ಆದರೆ ಚಿತ್ರ ಬೂದಿ ಬಡಿದಂತಾಗುತ್ತದೆ. ಎರಡೂ ಕಡೆ ಒಂದೇ ಅಳತೆ ಇಟ್ಟರೆ ಬರುವ ಕಳೆ ಯಾವ ಚಿಪ್ಪಿಗೂ ಸುಲಭವಾಗಿ ತರಲಾಗದಷ್ಟು. ಈ ಮೂರನ್ನೂ ಮಾಡಿ, ಗೇಮ್ ಮೋಡ್ ಹಾಕಿ, ಆಮೇಲೂ ಹಳೆಯ ಕನ್ಸೋಲಿನ ಅಂಚು ಕಣ್ಣಿಗೆ ಚುಚ್ಚುತ್ತಿದ್ದರೆ ಆಗ ಕೇಬಲ್ಲಿನ ಮಾತು. ಅದಕ್ಕಿಂತಲೂ ಹಿಂದಿನ, ಎಚ್‌ಡಿಎಂಐ ಇಲ್ಲದ ಯಂತ್ರಗಳ ಮೇಲೆ ಪ್ರೀತಿ ಇದ್ದವರಿಗೆ ಒಎಸ್‌ಎಸ್‌ಸಿ, ರೆಟ್ರೊಟಿಂಕ್‌ನಂಥ ಪರಿವರ್ತಕಗಳು ಹೆಚ್ಚು ಯೋಗ್ಯ. ಅವು ಹಳೆಯ ಅನಲಾಗ್ ಸಂಕೇತವನ್ನೇ ಅರಿತು ಕೆಲಸ ಮಾಡುತ್ತವೆ, ಹೇಗೆ ಹಿಗ್ಗಿಸಬೇಕೆಂಬ ತೀರ್ಮಾನವನ್ನೂ ಆಡುವವರಿಗೇ ಬಿಡುತ್ತವೆ.

ಕೇಬಲ್ಲಿನಲ್ಲಿ ಚಿಪ್ ಇಟ್ಟವರನ್ನು ಮೋಸಗಾರರೆಂದು ಕರೆಯುವುದು ಅನ್ಯಾಯ. ಆದರೆ ಅವರ ಜಾಹೀರಾತು ಗ್ರಾಫಿಕ್ಸ್ ಸುಧಾರಿಸುವ ಮಾತಾಡಿದಾಗ ಒಂದು ತಿದ್ದುಪಡಿ ಬೇಕಾಗುತ್ತದೆ. ಗ್ರಾಫಿಕ್ಸ್ ಎಂದರೆ ಬೆಳಕು, ನೆರಳು, ವಿವರ, ಚಲನೆ. ಅದು ತೀರ್ಮಾನವಾಗುವುದು ಆಟ ಬರೆದವರ ಕೈಯಲ್ಲಿ, ಕನ್ಸೋಲಿನ ಶಕ್ತಿಯ ಮಿತಿಯೊಳಗೆ. ಕೇಬಲ್ ಸುಧಾರಿಸಬಲ್ಲದ್ದು ಸಿದ್ಧಚಿತ್ರದ ಅಂಚನ್ನು. ಕನ್ಸೋಲ್ ಹಳೆಯದು, ಆಟ ಅಂಚು ತಿದ್ದದ್ದು, ಟಿವಿಯ ಹಿಗ್ಗಿಸುವಿಕೆ ಕಳಪೆ — ಈ ಮೂರೂ ಕೂಡಿದ ಮನೆಯಲ್ಲಿ ಅದು ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಅನುಮಾನ. ಎರಡು ತಪ್ಪಿದರೆ ಆ ದುಡ್ಡನ್ನು ಮುಂದಿನ ಟಿವಿಗೋ ಕನ್ಸೋಲಿಗೋ ಎತ್ತಿಡುವುದೇ ಲೇಸು.